ಬೆರಳಗಲದ ಚೌಕ

ಕುಲುಮೆಯ ಮೈಗೆ ಸುತ್ತಿಕೊಂಡಿದ್ದ ಕೊಳವೆಗೆ ತನ್ನೊಳಗೆ ಹರಿಯುವ ಕರಗಿದ ಸೀಸದ ಮೇಲೆ ಬಲು ಭರವಸೆ. ಸೀಸ ಸುಳಿಸುಳಿಯಾಗಿ ಉರುಳಾಡುತ್ತ ಬಂದು ಕೊಳವೆಗೆ ತಾಗಿದ ಕಾವನ್ನೆಲ್ಲ ಹೊತ್ತುಕೊಂಡು ಹೋಗುತ್ತಿತ್ತು. ಹಾಗಿರುವಾಗ ಒಂದು ದಿನ ಪಕ್ಕದಲ್ಲಿ ದೊಡ್ಡದೊಂದು ಅಯಸ್ಕಾಂತವನ್ನು ತಂದು ನಿಲ್ಲಿಸಿದರು. ಹರಿಯುವ ಲೋಹವನ್ನು ತಡೆಯುವ ಅದರ ಬಲಕ್ಕೆ ಸುಳಿಗಳೆಲ್ಲ ಅಡಗಿಹೋಗಿ ಹರಿವು ಗೆರೆ ಎಳೆದಂತೆ ನೆಟ್ಟಗಾಯಿತು.

"ಎಂಥ ಶಿಸ್ತು ನೋಡಿ!" ಎಂದಿತು ಅಯಸ್ಕಾಂತ.

"ಸುಳಿ ನಿಂತ ಮೇಲೆ ನನ್ನ ಕಾವನ್ನು ಒಯ್ಯುವವರು ಯಾರು ಸ್ವಾಮಿ? ಮೈ ಸುಡುತ್ತಿದೆ!" ಎಂದಿತು ಕೊಳವೆ.

ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಈ ಹರಿವನ್ನು ತನ್ನ ತೆರೆಯ ಮೇಲೆ ಚೌಕಚೌಕವಾಗಿ ಸೀಳಿ, ಒಂದೊಂದು ಚೌಕದ ಶಾಖವನ್ನೂ ಲೆಕ್ಕ ಹಾಕುತ್ತಿತ್ತು. ಅದು ಹೇಳಿತು: "ನನ್ನ ಲೆಕ್ಕದ ಪ್ರಕಾರ ತಾವು ಸುಡುತ್ತಿಲ್ಲ."

"ನಿಮ್ಮ ಚೌಕ ಎಷ್ಟು ದೊಡ್ಡದು?" ಎಂದು ಕೇಳಿತು ಕೊಳವೆ.

"ಒಂದು ಬೆರಳಗಲ."

"ಬೆಂಕಿ ಇರುವುದು ನನ್ನ ಮೈಗಂಟಿದ ಕೂದಲೆಳೆಯಷ್ಟು ಪದರದಲ್ಲಿ. ಇಲ್ಲಿಯಾದರೂ ಚೌಕಗಳನ್ನು ಚಿಕ್ಕದಾಗಿಸಿ."

"ಅದಕ್ಕೆ ಹನ್ನೊಂದು ದಿನ ಬೇಕು. ವರದಿ ಇವತ್ತೇ ಬೇಕಂತೆ. ಕೂದಲೆಳೆಯ ಉರಿ ಬೆರಳಗಲದ ಸರಾಸರಿಯಲ್ಲಿ ಕಾಣುವುದಿಲ್ಲ. ದಯವಿಟ್ಟು ಸಹಕರಿಸಿ."

ಕೊಳವೆ ಬೆಳಗಿನಿಂದ ಕೆಂಪೇರುತ್ತ ಹೋಗಿ ಮಧ್ಯಾಹ್ನದ ಹೊತ್ತಿಗೆ ಬಿರಿಯಿತು. ಅಯಸ್ಕಾಂತದ ಹಿಡಿತ ತಪ್ಪಿದ ಸೀಸ ನೆಲದ ಮೇಲೆಲ್ಲ ಹರಿದು, ಬಾಗಿಲು ದಾಟಿ, ಕಂಪ್ಯೂಟರಿನ ಕೋಣೆಗೆ ನುಗ್ಗಿತು. ಅಲ್ಲಿ ವರದಿ ಆಗಷ್ಟೇ ಅಚ್ಚಾಗಿ ಹೊರಬರುತ್ತಿತ್ತು. ಕಾಗದದ ಅಂಚು ಹೊತ್ತಿಕೊಂಡಿತು. ಸೀಳಿಹೋದ ಕೊಳವೆ ತಾನಿದ್ದಲ್ಲಿಂದಲೇ ನೋಡುತ್ತಿತ್ತು. ಎಲ್ಲ ಅಂಕಿಗಳೂ ಉರಿದ ಮೇಲೆ, ಕಡೆಗೆ ಉರಿದದ್ದು ಒಂದೇ ಪದ: ಸುರಕ್ಷಿತ.