ಚಿಟ್ಟೆ ನೆಟ್ಟಗೆ ಹಾರುವುದನ್ನು ಬಿಟ್ಟದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ ಅದು. ಗಾಳಿಗೆ ಬೀಸಲು ಬರುತ್ತಿತ್ತು, ನಿಲ್ಲಲು ಬರುತ್ತಿರಲಿಲ್ಲ. ಆಗ ಚಿಟ್ಟೆ ಮೂಗಿನ ನೇರಕ್ಕೆ ಹಾರುತ್ತಿತ್ತು. ಅದರ ಜಂಬವೋ ಜಂಬ! "ಸುತ್ತಿ ಬಳಸಿ ಹೋಗೋದು ನನ್ನ ಜಾಯಮಾನದಾಗ ಇಲ್ಲ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿತ್ತು.

ನೀಲವ್ವ ಎಂಬ ಹೆಂಗಸಿನ ಹಿತ್ತಲಲ್ಲಿ ಒಂದು ಕುಂಬಳದ ಬಳ್ಳಿ ಇತ್ತು. ಇಡೀ ಲೋಕಕ್ಕೆ ಅದೊಂದೇ. ಬಳ್ಳಿ ಹಬ್ಬಿ ಹಬ್ಬಿ, ಗಂಡು ಹೂ ಹಿತ್ತಲಲ್ಲಿ ಉಳಿದಿತ್ತು, ಹೆಣ್ಣು ಹೂ ಹೊಲದಾಚೆ ಅರಳಿತ್ತು. ಗಂಡು ಹೂವಿನ ಹಳದಿ ಹುಡಿ ತಾಗದಿದ್ದರೆ ಹೆಣ್ಣು ಹೂ ಕಾಯಾಗುವುದಿಲ್ಲ. ಮುಂಚಿನ ಹೂಗಳೆಲ್ಲ ಹಾಗೇ ಉದುರಿದ್ದವು.

"ನನ್ನವ್ವಾ, ಈ ಹುಡಿ ಅಲ್ಲಿಗೆ ಮುಟ್ಟಿಸು" ಎಂದು ನೀಲವ್ವ ಚಿಟ್ಟೆಗೆ ಕೈಮುಗಿದಳು. "ನಾ ಒಯ್ದ್ರ ಗಾಳಿಗೆ ಹಾರಿ ಹೋಗ್ತದ. ಬಿಸಿಲೇರಿದ್ರ ಹೂ ಮುಚ್ಕೋತದ. ಇದೂ ಉದುರಿದ್ರ ಬೀಜಕ್ಕೂ ಒಂದು ಕುಂಬಳ ಉಳಿಯಂಗಿಲ್ಲ."

"ಇಷ್ಟನ? ಆತು ಅಂತ ತಿಳಿ!" ಎಂದ ಚಿಟ್ಟೆ, ಕಾಲಿಗೆ ಹುಡಿ ಮೆತ್ತಿಕೊಂಡು ನೆಟ್ಟಗೆ ಹೊರಟಿತು.

ಗಾಳಿ ಎದುರಿಗಿತ್ತು. ಚಿಟ್ಟೆ ಒಂದು ಮಾರು ಮುಂದೆ ಹೋದರೆ ಗಾಳಿ ಮುಕ್ಕಾಲು ಮಾರು ಹಿಂದಕ್ಕೆ ನೂಕುತ್ತಿತ್ತು. ಮುಂದೆ ಹೋಗುವುದು, ಹಿಂದೆ ಬರುವುದು. ರೆಕ್ಕೆ ಸೋತವು, ಬಿಸಿಲು ಏರಿತು. ಪಾಪ, ಚಿಟ್ಟೆಗೆ ಅಳುವೇ ಬಂತು.

"ಯಾಕ ನೂಕ್ತಿ ನನ್ನ?"

"ಎದಿ ಸೆಟೆಸಿ ಎದುರಿಗೆ ಬಂದವರನ್ನ ನೂಕೋದು ನನ್ನ ರೂಢಿ" ಎಂದಿತು ಗಾಳಿ. "ಓರೆಯಾಗಿ ಬಂದವರನ್ನ ಹೊತ್ಕೊಂಡು ಓಡೋದೂ ನನ್ನ ರೂಢಿನ."

"ಓರೆ ಹೋದ್ರ ದಾರಿ ಉದ್ದ ಆಗ್ತದಲ್ಲ!"

"ದಾರಿ ಉದ್ದ ಆಗ್ತದ, ಹೊತ್ತು ಉಳೀತದ. ಹೂವಿಗೆ ಬೇಕಾದದ್ದು ಯಾವುದು, ನೀನ ಹೇಳು."

ಚಿಟ್ಟೆ ಜಂಬ ನುಂಗಿಕೊಂಡು ಎಡಕ್ಕೆ ಓರೆಯಾಯಿತು. ಸುಂಯ್! ಬದುವಿನ ತನಕ ಹೋಯಿತು. ಅಲ್ಲಿಂದ ಬಲಕ್ಕೆ ಓರೆಯಾಯಿತು. ಸುಂಯ್! ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ.

"ಅಯ್ಯ ನನ್ನವ್ವ, ಎತ್ತ ಹೊಂಟಿ? ಹೆಂಡ ಕುಡದೀಯೇನ?" ನೀಲವ್ವ ತಲೆಯ ಮೇಲೆ ಕೈಹೊತ್ತು ಕೂಗಿದಳು.

ಅತ್ತ ಹೆಣ್ಣು ಹೂ ಎಸಳು ಮಡಚುತ್ತಿತ್ತು. ಕೊನೆಯ ಎಸಳು ಮಡಚುವ ಮೊದಲು ಚಿಟ್ಟೆ ಒಳಗೆ ದುಮುಕಿತು!

ಕಾಯಿ ಕಚ್ಚಿತು, ಉಬ್ಬಿತು, ನೀಲವ್ವ ತಬ್ಬಿದರೂ ಎತ್ತಲಾಗದಷ್ಟು ದಪ್ಪವಾಯಿತು. ಅವಳು ಕುಣಿದಾಡುತ್ತ ಅದರ ಬೀಜವನ್ನು ಊರೂರಿಗೆ ಹಂಚಿದಳು.

ಅದಕ್ಕೇ ಕೂಸೇ, ಇವತ್ತಿಗೂ ಚಿಟ್ಟೆ ಅತ್ತ ವಾಲಿ ಇತ್ತ ವಾಲಿ ಹಾರುತ್ತದೆ. ದಾರಿ ತಪ್ಪಿದೆ ಎಂದು ನಗುತ್ತ ನೀನು ಹಿಡಿಯಲು ನೆಟ್ಟಗೆ ಓಡುತ್ತೀ, ಅಷ್ಟರಲ್ಲಿ ಅದು ಮುಂದಿನ ಹೂವಿನ ಮೇಲೆ ಕೂತಿರುತ್ತದೆ.