ಓನಾಮದ ಕೆರೆ

ಕರಿಮಡ್ಡಿ ಊರಿನ ಹೊರಗೆ, ಜೋಳದ ಹೊಲಗಳ ನಡುವೆ ಹರಡಿಕೊಂಡಿರುವ ಕೆರೆಗೆ ಓನಾಮದ ಕೆರೆ ಎಂದು ಹೆಸರು. ಅಕ್ಷರಾಭ್ಯಾಸದ ಮೊದಲ ಪಾಠಕ್ಕೆ ಓನಾಮ ಎನ್ನುವುದುಂಟು. ಅದು ಕೆರೆಗೇಕೆ ಅಂಟಿಕೊಂಡಿತೆಂದು ಕೇಳಿದರೆ ಸಾಕು, ಹಿರಿಯರು ಬಾಳವ್ವನ ಕಥೆ ತೆಗೆಯುತ್ತಾರೆ. ಮುಗಿಯುವವರೆಗೆ ಯಾರನ್ನೂ ಏಳಗೊಡುವುದಿಲ್ಲ.

ಹಿಂದೆ ಒಮ್ಮೆ ಇಲ್ಲಿ ಬಾಳವ್ವ ಎಂಬ ಗಾಣಿಗರ ಹೆಣ್ಣುಮಗಳಿದ್ದಳು. ಮಕ್ಕಳಿಲ್ಲದ ಆಕೆ ಹೊಲಗಳನ್ನೆಲ್ಲ ಧರ್ಮಕ್ಕೆ ಬಿಟ್ಟು, ಅವುಗಳ ಬೆಳೆಯಿಂದ ದಾರಿಹೋಕರಿಗೆ ಅಂಬಲಿ, ಬಾಣಂತಿಯರಿಗೆ ಎಣ್ಣೆ-ಬೆಲ್ಲ ಕೊಡಿಸುತ್ತಿದ್ದಳು ಎನ್ನುತ್ತಾರೆ. ಆದರೆ ಆಕೆಯ ಜೀವವೆಲ್ಲ ಶಾಲೆಯ ಮೇಲೆ. ತನಗೆ ಒಂದಕ್ಷರವೂ ಬಾರದು. ಊರಿಗೆ ಓಲೆ ಬಂದರೆ ಓದಿಸಲು ಮೂರು ಹರದಾರಿ ನಡೆಯಬೇಕು. ಏಳು ಸುಗ್ಗಿ ಕಾದು ಶಾಲೆಯ ಗೋಡೆಗೆಂದು ಚಪ್ಪಡಿ ಕಡಿಸಿದಳು. ಪಾಠ ಹೇಳಲು ಕರೆಸಿದ್ದ ಓಜಯ್ಯ ಸುಣ್ಣದಲ್ಲಿ ಬರೆದುಕೊಟ್ಟಂತೆ ಕಲ್ಲುಕುಟಿಗ ಹುಲಗಪ್ಪ ಚಪ್ಪಡಿಗೊಂದು ಅಕ್ಷರ ಕೆತ್ತಿ, ಕೆತ್ತಿದ ಹಾಗೆ ಕೆರೆ ಏರಿಯ ಪಕ್ಕ ಒಟ್ಟಿದ. ‘ಅ’ ಅಡಿಗೆ ಬಿತ್ತು, ‘ಳ’ ಮೇಲೆ ಕೂತಿತು.

ಪಾಯ ತೋಡುವ ವಾರವೇ ಮಳೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ, ತೂಬು ಕಾಯುವ ನೀರುಗಂಟಿ ದ್ಯಾಮಣ್ಣ ಏರಿ ಕೊರೆದುಹೋಗುತ್ತಿದೆಯೆಂದು ಬಾಯಿ ಬಡಿದುಕೊಳ್ಳುತ್ತ ಓಡಿಬಂದ. ಊರಿಗೆ ಊರೇ ಬುಟ್ಟಿ, ಗುದ್ದಲಿ ಹಿಡಿದು ಎದ್ದೋಡಿತು. ಹಾಕಿದ ಮಣ್ಣನ್ನೆಲ್ಲ ನೀರು ನುಂಗಿತು. ಕಲ್ಲೇ ಬೇಕು, ಗುಡ್ಡದಿಂದ ತರುವಷ್ಟು ಹೊತ್ತಿಲ್ಲ. ಎಲ್ಲರ ಕಣ್ಣೂ ಚಪ್ಪಡಿಗಳ ಮೇಲೆ. ಬಾಳವ್ವ ಮುಂದೆ ಬಂದು ಮೇಲಿನ ಚಪ್ಪಡಿಗೆ ಕೈ ಹಚ್ಚಿದಳು.

“ನೋಡಕೋತ ಯಾಕ ನಿಂತೀರಿ? ಊರು ಉಳದರ ಸಾಲಿ. ಎತ್ತರಿ,” ಎಂದಳು.

ಗಂಡಸರು ಹೆಂಗಸರೆನ್ನದೆ ಹೆಗಲು ಕೊಟ್ಟರು. ಮೇಲಿದ್ದ ‘ಳ’ ಮೊದಲು ಕೊರಕಲಿನ ತಳಕ್ಕಿಳಿಯಿತು, ಅದರ ಮೇಲೆ ‘ಹ’, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹುಲಗಪ್ಪ ಎದೆಮಟ್ಟದ ನೀರಲ್ಲಿ ನಿಂತು ಕೂಡಿಸಿದ. ಕೆತ್ತಿದ ಮುಖವನ್ನು ಮಣ್ಣಿಗೆ ಒತ್ತಲು ಅವನ ಕೈ ಒಪ್ಪಲಿಲ್ಲ. ಅಕ್ಷರಗಳನ್ನೆಲ್ಲ ಕೆರೆಯ ಕಡೆಗೇ ಇಟ್ಟ. ಕೊನೆಯ ‘ಅ’ ಕೂರುವ ಹೊತ್ತಿಗೆ ನೀರು ನಿಂತೇಬಿಟ್ಟಿತು! ಜನ ಕೆಸರಲ್ಲೇ ಕುಣಿದರು. ಬಾಳವ್ವನೂ ನಕ್ಕಳು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಬೇಸಗೆಯಲ್ಲಿ ನೀರಿಳಿದಂತೆ ಅಕ್ಷರಗಳು ಒಂದೊಂದಾಗಿ ಹೊರಬಂದವು. ಹೊಲಕ್ಕೆ ನೀರು ಬಿಡುವ ತೂಬನ್ನು ಯಾವಾಗ ಮುಚ್ಚಬೇಕೆಂಬುದು ಊರಿನ ಹಳೆಯ ಜಗಳ. ಇನ್ನು ಅಕ್ಷರವೇ ನೀರಿನ ಅಳತೆಯಾಗಲೆಂದು ರೈತರು ಓಜಯ್ಯನ ಪ್ರಾಣ ತಿಂದು ಮೆಟ್ಟಿಲುಗಳ ಹೆಸರು ಕಲಿತರು. ಒಂದು ಬೆಳಗ್ಗೆ ದ್ಯಾಮಣ್ಣ ಬಾಳವ್ವನ ಮನೆಗೆ ಬಂದ.

“ಅವ್ವಾ, ನೀರು ‘ಗ’ಕ್ಕ ಇಳದೈತ್ರಿ. ‘ಜ’ಕ್ಕ ಬಂದ್ರ ತೂಬು ಮುಚ್ಚತೀನಿ.”

ಬಾಳವ್ವ ತಬ್ಬಿಬ್ಬಾದಳು. “ನಿನಗ ‘ಜ’ ಗುರ್ತ ಹತ್ತತೈತೇನೋ?”

“ಊರಿಗೆಲ್ಲ ಹತ್ತತೈತ್ರಿ. ನೀವೂ ಬರ್ರಿ, ತೋರಸ್ತೀನಿ.”

ಆಕೆ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆಯೇ ಹೋಗಿ, ಒದ್ದೆ ಮೆಟ್ಟಿಲ ಮೇಲೆ ಕುಳಿತು ‘ಗ’ ತಿದ್ದಿದಳು ಎನ್ನುತ್ತಾರೆ.

ಬಾಳವ್ವನ ಧರ್ಮ ಇಂದಿಗೂ ನಡೆದಿದೆ, ಮುಂದೆ ಕಟ್ಟಿದ ಶಾಲೆಯೂ ಇದೆ. ಆದರೂ ವಿಜಯದಶಮಿಗೆ ಬಂದವರು ನೋಡುವುದು ಕೆರೆಯಂಗಳವನ್ನೇ: ಹೊಸ ಮಕ್ಕಳು ಅಂದು ನೀರಂಚಿನಲ್ಲಿ ಯಾವ ಅಕ್ಷರವಿದೆಯೋ ಅದನ್ನೇ ಮೊದಲು ತಿದ್ದಬೇಕು. ಕಳೆದ ವರ್ಷ ಕೆರೆ ಕೋಡಿ ಬಿದ್ದು ‘ಅ’ ಕೂಡ ಮುಳುಗಿತ್ತು; ಮಕ್ಕಳು ಮೊಣಕೈವರೆಗೆ ನೀರಲ್ಲಿ ಕೈ ಇಳಿಸಿ, ತಡವಿ ತಡವಿ ಅದನ್ನು ಕಲಿತರು.