ಬಂಗಾರ ಹೋದ ಮುಖ

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಂಚಿಗೆ ತಗಡು ಹೊದಿಸಿದ ಒಂದೇ ಕೋಣೆಯ ಮಂದಿರ. ಪೂಜ್ಯ ಯೋಂತೆನ್ ಲಾಮಾ ಅವರು ಅಲ್ಲಿಯೇ ವಾಸವಾಗಿದ್ದರು. ಸುತ್ತಲಿನ ಹಳ್ಳಿಯವರಿಗೆ ಅವರು ಲಾಮಾ ಅಜ್ಜಾರು. ತಾಯ್ನಾಡು ಬಿಟ್ಟು ಹಿಮ ದಾಟುವಾಗ ಅವರು ಬೆನ್ನಿಗೆ ಕಟ್ಟಿಕೊಂಡು ತಂದದ್ದು ಒಂದೇ ಒಂದು: ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಮೊಳದೆತ್ತರದ ಕಂಚಿನ ವಿಗ್ರಹ. ಮುನ್ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಅದಕ್ಕೆ ಬಂಗಾರದ ಲೇಪ ಕೊಟ್ಟಿದ್ದರು. ಬೆಣ್ಣೆದೀಪದ ಹೊಗೆಗೆ ಅದು ಕಪ್ಪಿಟ್ಟಿತ್ತು. ಅಜ್ಜಾರು ದಿನಾ ಒಣ ಬಟ್ಟೆಯಿಂದ ಧೂಳು ಕೊಡವುತ್ತಿದ್ದರು, ಅಷ್ಟೇ.

ಮಂದಿರಕ್ಕೆ ಹಾಲು ಹಾಕುತ್ತಿದ್ದವನು ಗೂಳಪ್ಪ. ಹಿತ್ತಾಳೆ ತಿಕ್ಕುವುದರಲ್ಲಿ ಏಳು ಹಳ್ಳಿಗೆ ಅವನನ್ನು ಮೀರಿಸಿದವರಿರಲಿಲ್ಲ; ಏಳು ಹಳ್ಳಿಗೆ ಹಾಗೆ ಸಾರಿದವನೂ ಅವನೇ. ತಾನು ತಿಕ್ಕಿದ ಕೊಡದಲ್ಲಿ ಮುಖ ನೋಡಿಕೊಳ್ಳುತ್ತ ನಿಂತು ಸೂರ್ಯ ಒಮ್ಮೆ ಒಂದು ತಾಸು ತಡವಾಗಿ ಮುಳುಗಿದನೆಂದೂ, ಅಂದು ದನಗಳು ಮನೆಗೆ ಬರುವುದನ್ನೇ ಮರೆತವೆಂದೂ ಹೇಳುತ್ತಿದ್ದ. ದನಗಳು ಸಾಕ್ಷಿಗೆ ಬಂದಿರಲಿಲ್ಲ.

ಅಜ್ಜಾರು ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗಿದ್ದರು. ಮರಳಿ ಬಂದಾಗ ಅವರ ದೇವರು ಥಳಥಳ ಹೊಳೆಯಬೇಕೆಂಬುದು ಗೂಳಪ್ಪನ ಆಸೆ. ಆಸೆಯಲ್ಲಿ ತಪ್ಪಿರಲಿಲ್ಲ, ಆದರೆ ಅವನು ಯಾರನ್ನೂ ಕೇಳಲಿಲ್ಲ. ಹುಣಸೆಹಣ್ಣು, ಇಟ್ಟಂಗಿ ಪುಡಿ ತಂದು ಮುಖದಿಂದಲೇ ಶುರುಮಾಡಿದ. ಕಪ್ಪು ಹೋಯಿತು, ಹಳದಿ ಬಂತು. ಹುರುಪು ಏರಿ ಮತ್ತೆ ತಿಕ್ಕಿದ. ಹಳದಿಯ ಅಡಿಯಲ್ಲಿ ಕೆಂಪು ಕಾಣಿಸಿತು. ಕಿಲುಬು ಇನ್ನೂ ಬಿಟ್ಟಿಲ್ಲವೆಂದು ಉಗುರು ಸವೆಯುವಂತೆ ತಿಕ್ಕಿದ. ತೊಳೆದ ನೀರನ್ನು ಚೆಲ್ಲಲು ಹೋದಾಗ ಬೋಗುಣಿಯ ತಳದಲ್ಲಿ ಏನೋ ಮಿನುಗಿತು. ಆಗ ತಿಳಿಯಿತು. ಅಲ್ಲೇ ಕುಳಿತುಬಿಟ್ಟ.

ಮಧ್ಯಾಹ್ನ ಅಜ್ಜಾರು ಬಂದರು. ಜೊತೆಗೆ ಹೋಗಿದ್ದ ಕ್ಯಾಂಪಿನ ಭಿಕ್ಷುಗಳು ವಿಗ್ರಹ ಕಂಡು ಬಾಗಿಲಲ್ಲೇ ನಿಂತರು. ಗೂಳಪ್ಪ ಅಷ್ಟರೊಳಗೆ ಮೂರು ಕತೆ ಹೊಂದಿಸಿಟ್ಟುಕೊಂಡಿದ್ದ. ಒಂದರಲ್ಲಿ ಸಿಡಿಲೂ ಇತ್ತು. ಒಂದೂ ನಾಲಿಗೆಗೆ ಬರಲಿಲ್ಲ.

“ನಾನ ತಿಕ್ಕಿ ತಗದೆ, ಅಜ್ಜಾರ. ಬಂಗಾರ ಅಂತ ಗೊತ್ತಾಗಲಿಲ್ರಿ.”

ಅಜ್ಜಾರು ವಿಗ್ರಹದ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅವರ ದೃಷ್ಟಿ ಕೆಳಗಿಳಿದು, ಚರ್ಮ ಕಿತ್ತು ಹುಳಿಗೆ ಉರಿಯುತ್ತಿದ್ದ ಗೂಳಪ್ಪನ ಬೆರಳುಗಳ ಮೇಲೆ ನಿಂತಿತು.

“ಆ ಮುಖಕ್ಕೆ ಉರಿಯೋದಿಲ್ಲ, ಗೂಳಪ್ಪ. ಕೈ ಕೊಡು.”

ದೀಪಕ್ಕೆಂದು ತೆಗೆದಿಟ್ಟ ಬೆಣ್ಣೆಯನ್ನು ಒಂದೊಂದೇ ಬೆರಳಿಗೆ ಹಚ್ಚಿದರು. ಬೈದಿದ್ದರೆ ಗೂಳಪ್ಪ ತಾಳಿಕೊಳ್ಳುತ್ತಿದ್ದ. ಇದನ್ನು ತಾಳಲಾರದೆ ಅತ್ತುಬಿಟ್ಟ.

ಕತೆಗಳಲ್ಲಾದರೆ ಇಂಥ ಪ್ರಸಂಗದಲ್ಲಿ ಬೆಳಗಾಗುವುದರೊಳಗೆ ಬಂಗಾರ ಮರಳಿ ಬರಬೇಕು. ಬರಲಿಲ್ಲ. ಹೊಸ ಲೇಪ ಹಚ್ಚಿಸಬಹುದಿತ್ತು. ಆದರೆ ಮುನ್ನೂರು ವರ್ಷ ಕೈಯಿಂದ ಕೈಗೆ ಕಾಪಾಡಿ ತಂದದ್ದನ್ನು ಯಾವ ಅಂಗಡಿಯಿಂದ ತರುವುದು?

ಅಜ್ಜಾರು ದೇಹ ಬಿಟ್ಟು ವರುಷಗಳಾದವು. ಈಗಲೂ ದರ್ಶನಕ್ಕೆ ಬಂದವರು ಈ ಮುಖಕ್ಕೇನಾಯಿತೆಂದು ಕೇಳುತ್ತಾರೆ. ಗೂಳಪ್ಪ ಹಾಲಿನ ಕ್ಯಾನು ಕೆಳಗಿಟ್ಟು ಮುಂದೆ ಬರುತ್ತಾನೆ.

“ನಾನ್ರಿ,” ಎನ್ನುತ್ತಾನೆ. “ಯಾರನ್ನೂ ಕೇಳದ ಮುಟ್ಟಿದೆ.”

ಅದಕ್ಕೆ ಒಂದು ಮಾತೂ ಸೇರಿಸುವುದಿಲ್ಲ.